ಮೂರು ಉಬ್ಬಿಗೊಂದು

ಮಾರ್ಚ್ ೪

ಮೈ ಡಿಯರ್ ಗುಬ್ಬಿ,

ಹನ್ನೊಂದು ವರ್ಷದ ಮೇಲೆ ಭಾವನ ಅಕ್ಷರ ಕಂಡು, ಯಾರೋ ಹೋಗಿಬಿಟ್ಟಿರಬೇಕು ಎಂದು ನಿನ್ನ ಎದೆ ಧಸಕ್ಕೆಂದಿರುತ್ತದೆ. ಯಾರೂ ಹೋಗಿಲ್ಲ. ಹೋಗಬಾರದಿದ್ದವಳು ಮೂರು ವರ್ಷದ ಹಿಂದೆಯೇ ಹೋದಳು, ಅದು ನಿನಗೆ ಗೊತ್ತು. ಐ ಆಮ್ ಇನ್ ಗುಡ್ ಹೆಲ್ತ್ ಅಂಡ್ ಹೋಪ್ ದಿ ಸೇಮ್ ಫ್ರಮ್ ಯೂ. ಕಾಲೇಜಿನಲ್ಲಿ ಕಲಿತದ್ದರಲ್ಲಿ ಈ ವಾಕ್ಯವೊಂದು ಪೂರ್ತಿಯಾಗಿ ಉಳಿದಿದೆ. ಮಿಕ್ಕಿದ್ದೆಲ್ಲ ಅರ್ಧಂಬರ್ಧ.

ನಿನ್ನ ಅಕ್ಕ ಹೋದ ಮೇಲೆ ನನ್ನ ಸಂಸಾರ ಹೇಗಿದೆ ಎಂದರೆ, ಬೆಳಿಗ್ಗೆ ಹಾಲು ಒಲೆಯ ಮೇಲಿಟ್ಟು ಅದರ ಮುಂದೆಯೇ ಪೊಲೀಸಿನವನ ಹಾಗೆ ನಿಲ್ಲುತ್ತೇನೆ. ಒಂದು ನಿಮಿಷ ಕಣ್ಣು ತಪ್ಪಿಸಿದರೆ ಉಕ್ಕಿ ಚೆಲ್ಲುತ್ತದೆ. ಅವಳಿದ್ದಾಗ ಅದೇ ಹಾಲು ಅವಳಿಗೆ ಹೆದರಿಕೊಂಡು ಕೂತಿರುತ್ತಿತ್ತು. ಪತ್ರಿಕೆ ಓದುವಾಗ ಇವತ್ತಿಗೂ “ಇದ್ನ ಕೇಳಿದ್ಯಾ?” ಎಂದು ಗಟ್ಟಿಯಾಗಿ ಹೇಳಿ, ಆಮೇಲೆ ನಾನೇ ಕೆಮ್ಮಿ ಸರಿಪಡಿಸಿಕೊಳ್ಳುತ್ತೇನೆ. ಇರಲಿ. ವಿಷಯಕ್ಕೆ ಬರುತ್ತೇನೆ. ಐ ಬೆಗ್ ಟು ಸ್ಟೇಟ್ ದಿ ಫಾಲೋಯಿಂಗ್.

ಮಗಳು ಇಲ್ಲೇ ಬಂದು ನೆಲೆಸಿದ್ದಾಳೆ. ಬಟ್ಟೆ ಹೊಲಿಯುವ ಕೆಲಸ ಕೈಹಿಡಿದಿದೆ. ಹನ್ನೆರಡು ಹೆಂಗಸರು, ಹನ್ನೆರಡು ಮಿಷನ್ನು, ಎಲ್ಲರಿಗೂ ಕೂರಲು ಜಾಗ ಬೇಕು. ಅದಕ್ಕೆ ಮನೆಯ ಪಕ್ಕದ ಬಯಲಿನಲ್ಲಿ ಶೆಡ್ ಕಟ್ಟಿಸುತ್ತಿದ್ದಾಳೆ. ಗೋಡೆ ಎದ್ದಿದೆ, ಕಬ್ಬಿಣದ ಅಡ್ಡಪಟ್ಟಿಗಳು ಕೂತಿವೆ, ಮುಂಭಾಗಕ್ಕೆ ಆಳೆತ್ತರದ ಶಟರ್ ಬಂದಿದೆ. ತಗಡು ಹೊದಿಸುವುದೊಂದು ಬಾಕಿ. ಆ ಬಯಲು ಎಂಥದ್ದೆಂದರೆ, ಗಾಳಿಗೆ ಅಡ್ಡ ಬರಲು ಒಂದು ಮರವೂ ಇಲ್ಲ. ಜೂನ್ ತಿಂಗಳಲ್ಲಿ ಅಲ್ಲಿ ನಿಂತರೆ ಮೀಸೆ ಕಿತ್ತುಕೊಂಡು ಹೋಗುತ್ತದೆ.

ತಗಡಿನವರು ಬಂದು ಅಳತೆ ತೆಗೆದುಕೊಂಡು ಹೋದರು. ನನ್ನನ್ನು ಕೇಳಿದರು, “ಅಂಚಿಗೆ, ಮೂಲೆಗೆ ಸ್ಕ್ರೂ ಹೆಂಗೆ ಹಾಕೋಣ ಯಜಮಾನ್ರೇ? ನೀವೂ ಇದೇ ಕೆಲಸ ಮಾಡಿಸ್ತಿದ್ರಂತಲ್ಲ?” ಇಪ್ಪತ್ತೆಂಟು ವರ್ಷ ಛಾವಣಿ ಗುತ್ತಿಗೆ ಹಿಡಿದವನು ನಾನು. “ಯೋಚಿಸಿ ಹೇಳ್ತೀನಿ” ಅಂದೆ. ಮಗಳು ನನ್ನ ಮುಖ ನೋಡಿ, “ಮಾವನ್ನ ಕೇಳ್ಬಾರ್ದಾ ಅಪ್ಪ? ತಗಡಿನ ಮೇಲೆ ಸದ್ದಾಗದ ಹಾಗೆ ನಡೀತಿದ್ರು, ಅದಕ್ಕೇ ಗುಬ್ಬಿ ಅಂತ ನೀವೇ ಹೆಸರಿಟ್ಟಿದ್ದಂತೆ” ಅಂದಳು. ಲಕೋಟೆಯ ಮೇಲೆ ನಿನ್ನ ವಿಳಾಸ ಬರೆದವಳೂ ಅವಳೇ. ಅವಳ ಹತ್ತಿರ ಅದು ಹೇಗೆ ಬಂತು ಎಂದು ಕೇಳಿದರೆ ದಾರ ಕಚ್ಚಿ ತುಂಡು ಮಾಡಿ ಸೂಜಿಗೆ ಪೋಣಿಸತೊಡಗಿದಳು.

ಆ ಕಾಗದದ ಗೋದಾಮಿನ ವಿಷಯ ಎತ್ತಲು ಇದನ್ನು ಬರೆಯುತ್ತಿಲ್ಲ. ಆದದ್ದು ಆಯಿತು. ನೀನು ಹಿಂಬಾಗಿಲ ಅಗುಳಿ ಮರೆತೆ, ಗಾಳಿ ಒಳಗೆ ನುಗ್ಗಿತು, ಹೊಸ ಛಾವಣಿ ಎದ್ದು ಹೋಯಿತು, ಕಾವಲುಗಾರನ ಕಾಲು ಮುರಿಯಿತು. ಮನುಷ್ಯನಿಗೆ ಮರೆವು ಸಹಜ. ನಾನು ಅದನ್ನು ಎಂದೋ ಕ್ಷಮಿಸಿಬಿಟ್ಟಿದ್ದೇನೆ. ನಿನ್ನ ಅಕ್ಕನಿಗೆ ಮಾತ್ರ ಕೊನೆಯವರೆಗೂ ನಿನ್ನ ಮೇಲೆ ಬೇಸರ ಇತ್ತು. ಅದು ಅಕ್ಕ ತಮ್ಮಂದಿರ ವಿಷಯ, ನಾನು ನಡುವೆ ಬರುವುದಿಲ್ಲ.

ಒಂದು ಸಾಲು ಬರೆದು ಹಾಕು. ಮೂಲೆಯಲ್ಲಿ, ತಗಡಿನ ಅಲೆಯಂಥ ಉಬ್ಬುಗಳಲ್ಲಿ, ಸ್ಕ್ರೂ ಎಷ್ಟು ಉಬ್ಬಿಗೊಂದು? ಅಷ್ಟೇ ಸಾಕು.

ನಿನ್ನ,
ಭಾವ


ಮಾರ್ಚ್ ೧೯

ಭಾವನವರಿಗೆ,

ಪತ್ರ ತಲುಪಿತು. ಕ್ಷಮಿಸಿದ್ದಕ್ಕೆ ಥ್ಯಾಂಕ್ಸ್.

ಛಾವಣಿ ಕೆಲಸ ಬಿಟ್ಟು ಹನ್ನೊಂದು ವರ್ಷವಾಯಿತು. ಈಗ ಬೀಗ ರಿಪೇರಿ ಮಾಡುತ್ತೇನೆ, ಕೀಲಿ ಕೊರೆದು ಕೊಡುತ್ತೇನೆ. ಏಣಿ ಹತ್ತುವುದಿಲ್ಲ. ಅಂಗಡಿಯ ಬಲ್ಬು ಹೋದರೆ ಪಕ್ಕದ ಟೈಲರ್ ಬಂದು ಹಾಕಿಕೊಡುತ್ತಾನೆ. ಸ್ಕ್ರೂ ಲೆಕ್ಕವನ್ನು ಓದಿದವರ ಹತ್ತಿರ ಕೇಳಿ. ನೀವೇ ಓದಿದವರು.

ನನಗೆ ಗೊತ್ತಿರುವುದು ಒಂದೇ. ಗಾಳಿಯ ದಿನ ಶಟರ್ ಹಾಕಿರಲಿ.

ಮಗಳಿಗೆ ಮಾವನ ಆಶೀರ್ವಾದ ತಿಳಿಸಿ.


ಏಪ್ರಿಲ್ ೨

ಪ್ರಿಯ ಗುಬ್ಬಿ,

ನಿನ್ನ ಪತ್ರ ಟೆಲಿಗ್ರಾಂ ಇದ್ದಂತಿತ್ತು. ಪರವಾಗಿಲ್ಲ, ನೀನು ಮೊದಲಿನಿಂದಲೂ ಹಾಗೆಯೇ. ನಿಮ್ಮ ಮನೆಗೆ ಹೆಣ್ಣು ನೋಡಲು ಬಂದಾಗ, “ಹುಡುಗ ಹೆಂಗಿದ್ದಾನೋ?” ಎಂದು ನಿಮ್ಮಮ್ಮ ನಿನ್ನನ್ನು ಕೇಳಿದರಂತೆ. “ಮಾತಾಡ್ತಾನೆ” ಎಂದಷ್ಟೇ ಹೇಳಿದೆಯಂತೆ. ನಿನ್ನ ಅಕ್ಕ ಅದನ್ನು ಮೂವತ್ತು ವರ್ಷ ಹೇಳಿಕೊಂಡು ನಕ್ಕಳು.

ಈಗ ಒಂದು ವಿಚಿತ್ರ ನಡೆದಿದೆ, ಅದನ್ನು ನಿನಗಲ್ಲದೆ ಇನ್ಯಾರಿಗೂ ಹೇಳುವಂತಿಲ್ಲ.

ಮೊನ್ನೆ ಮಗಳು ಮೇಜಿನ ಮೇಲೆ ತೆಳುವಾದ ಕಾಗದ ಹರಡಿಕೊಂಡು ರವಿಕೆಯ ಅಳತೆ ಕತ್ತರಿಸುತ್ತಿದ್ದಳು. ಕತ್ತರಿಸಿದ ತುಂಡಿನ ಮೇಲೆ ಸೀಮೆಸುಣ್ಣದ ಪುಡಿ ಕೂತಿತ್ತು. ಅದನ್ನು ತುಟಿಯ ಹತ್ತಿರ ಹಿಡಿದು, ಮೇಲ್ಮೈ ಸವರಿಕೊಂಡು ಹೋಗುವಂತೆ ಉಫ್ ಎಂದು ಊದಿದಳು. ಕೆಳಗೆ ಜೋತುಬಿದ್ದಿದ್ದ ಕಾಗದ ಮೇಲಕ್ಕೆದ್ದು ಅವಳ ಮೂಗಿಗೆ ತಾಗಿತು. ನಾನು ಕಾಫಿ ಲೋಟ ಹಿಡಿದವನು ಹಾಗೇ ನಿಂತೆ. “ಇನ್ನೊಂದ್ಸಲ ಊದು” ಅಂದೆ. ಊದಿದಳು. ಮತ್ತೆ ಎದ್ದಿತು. “ಮೇಲಿಂದ ಊದ್ತಿದೀಯ, ಕೆಳಕ್ಕೆ ಹೋಗ್ಬೇಕಲ್ವಾ ಅದು?” ಅಂದೆ. “ಅದು ಯಾವಾಗ್ಲೂ ಹಂಗೇ ಅಪ್ಪ, ಏಳತ್ತೆ. ಅದಕ್ಕೇ ನಾವು ತುದೀಗೆ ಕತ್ತರಿ ಇಟ್ಕೊಳ್ಳೋದು” ಅಂದಳು. ಊದಿದರೆ ಕಾಗದ ಏಳುತ್ತದೆ, ಹಾಗಾಗಿ ತುದಿ ಹಿಡಿ. ಅವಳ ಹನ್ನೆರಡು ಹೆಂಗಸರಿಗೂ ಗೊತ್ತು. ನನಗೆ ಗೊತ್ತಿರಲಿಲ್ಲ.

ಕಾಲೇಜಿನಲ್ಲಿ ನಮಗೊಬ್ಬ ಮೇಷ್ಟ್ರಿದ್ದರು. ಬಲಗೈ ತೋಳು ಮೊಣಕೈವರೆಗೆ ಸೀಮೆಸುಣ್ಣ. ಅವರು ಹಲಗೆಯ ಮೇಲೆ ಬರೆದದ್ದು ಇವತ್ತಿಗೂ ಕಣ್ಣ ಮುಂದಿದೆ: ವೇರ್ ದಿ ವೆಲಾಸಿಟಿ ಆಫ್ ಏರ್ ಈಸ್ ಗ್ರೇಟರ್, ದಿ ಪ್ರೆಷರ್ ಈಸ್... ಅಲ್ಲಿಗೆ ಗಂಟೆ ಹೊಡೆಯಿತೋ, ನಾನು ಕಿಟಕಿಯ ಕಡೆ ನೋಡಿದೆನೋ, ಮುಂದಿನದು ಇಲ್ಲ. ಅದರ ಮರುವರ್ಷವೇ ಕಾಲೇಜು ಬಿಟ್ಟೆ. ವೇಗ ಹೆಚ್ಚಾದರೆ ಒತ್ತಡವೂ ಹೆಚ್ಚು ಎಂದು ನಾನೇ ತುಂಬಿಕೊಂಡೆ. ಯಾರಿಗಾದರೂ ಹಾಗೇ ಅನ್ನಿಸುವುದಿಲ್ಲವೇ? ಇಪ್ಪತ್ತೆಂಟು ವರ್ಷ ಆ ಅರ್ಧವಾಕ್ಯವನ್ನಿಟ್ಟುಕೊಂಡು ಛಾವಣಿ ಕಟ್ಟಿದೆ.

ವಿಷಯ ತಿರುಗುಮುರುಗು, ಗುಬ್ಬಿ. ಗಾಳಿ ಗೋಡೆಗೆ ಬಂದು ಬಡಿಯುತ್ತದೆ, ದಾರಿ ಸಿಗದೆ ಮೇಲೆ ಹತ್ತುತ್ತದೆ, ಸೂರಿನ ಅಂಚಿನಲ್ಲಿ ಅವಸರಪಟ್ಟು ಜಿಗಿಯುತ್ತದೆ. ಹಾಗೆ ಜಿಗಿದಲ್ಲಿ ತಗಡಿನ ಮೇಲಿನ ಒತ್ತಡ ಇಳಿದುಹೋಗುತ್ತದೆ. ಒಳಗಿನ ಗಾಳಿ ಮಾತ್ರ ಇದ್ದ ಹಾಗೇ ಇರುತ್ತದೆ. ಆಗ ಛಾವಣಿಯನ್ನು ಯಾರೋ ಮೇಲಿನಿಂದ ಕೈಹಾಕಿ ಎಳೆದಂತೆ. ನಡುಭಾಗಕ್ಕೆ ಅಷ್ಟಿಲ್ಲ. ಅಂಚಿಗೆ ಜಾಸ್ತಿ. ಮೂಲೆಯಲ್ಲಿ ಎರಡು ಅಂಚೂ ಸೇರುವುದರಿಂದ ಎಲ್ಲಕ್ಕಿಂತ ಜಾಸ್ತಿ. ನೀನು ಅವತ್ತು ಹೇಳಿದ್ದೂ ಅದನ್ನೇ.

ನೆನಪಿದೆಯಾ? ಗೋದಾಮಿನ ಕೆಲಸದ ಕೊನೆಯ ದಿನ, ಮಧ್ಯಾಹ್ನ. ಆ ಪಡುವಣ ಮೂಲೆಯೊಂದು ಉಳಿದಿತ್ತು.

“ಭಾವ, ಮೂಲೇಲಿ ಉಬ್ಬುಬ್ಬಿಗೂ ಒಂದೊಂದು ಹಾಕೋಣ. ಗಾಳಿ ಬಂದ್ರೆ ಅಲ್ಲಿಂದಾನೇ ಏಳೋದು.”

“ಗಾಳಿ ಒತ್ತುತ್ತೆ ಕಣೋ, ಏಳಿಸಲ್ಲ. ವೆಲಾಸಿಟಿ ಜಾಸ್ತಿ ಆದ್ರೆ ಪ್ರೆಷರ್ ಜಾಸ್ತಿ. ಓದಿದ್ದೀಯಾ ಇದನ್ನ?”

“ಓದಿಲ್ಲ. ಛಾವಣಿ ಮೇಲೆ ನಿಂತಿದ್ದೀನಿ.”

ಕೆಲಸದವರೆಲ್ಲ ನಕ್ಕರು. ನನಗೆ ಮೈ ಉರಿಯಿತು. “ಇಂಗ್ಲಿಷಲ್ಲಿ ಹೇಳು ನೋಡೋಣ” ಅಂದೆ. ಆಗ ಅವರು ನಿನ್ನನ್ನು ನೋಡಿ ನಕ್ಕರು. ನೀನು ಡ್ರಿಲ್ಲನ್ನು ಅಲ್ಲೇ ಇಟ್ಟು ಇಳಿದು ಹೋದೆ.

ಆದುದರಿಂದ, ದೇರ್‌ಫೋರ್, ನ್ಯಾಯವಾಗಿ ನೋಡಿದರೆ ಆ ಅನಾಹುತದಲ್ಲಿ ಹತ್ತು ಪರ್ಸೆಂಟ್ ನನ್ನದೂ ಇದೆ ಎಂದು ಒಪ್ಪಿಕೊಳ್ಳಬಹುದು. ಮಿಕ್ಕಿದ್ದು ಬಾಗಿಲು. ಇದನ್ನು ನಿನಗೆ ತಿಳಿಸಬೇಕೆನ್ನಿಸಿತು.

ಭಾವ


ಏಪ್ರಿಲ್ ೯

ಭಾವ,

ಪರ್ಸೆಂಟ್ ಲೆಕ್ಕ ನನಗೆ ಕಳಿಸಬೇಡಿ. ಹನ್ನೊಂದು ವರ್ಷದ ಮೇಲೆ ಕಾಗದ ಊದುವ ಪಾಠ ಹೇಳಲು ಬರೆದಿರಾ? ಗಾಳಿ ಏನು ಮಾಡುತ್ತದೆಂದು ನನಗೆ ಕಾಲಿನಿಂದ ಗೊತ್ತಿತ್ತು. ಗಾಳಿ ಬೀಸಿದಾಗ ಅಂಚಿನ ತಗಡು ಅಂಗಾಲಿನ ಕೆಳಗೆ ಉಸಿರು ಎಳೆದುಕೊಳ್ಳುತ್ತಿತ್ತು.

ನೀವು ಹಾಗೆ ಹಂಗಿಸಿದ್ದು ನಿಜ. ಆದರೆ ನಾನು ಹೋದ ಮೇಲೆ ನೀವು ನನ್ನ ಮಾತು ನಡೆಸಿಕೊಟ್ಟಿರಿ. ವಿಚಾರಣೆಗೆ ಬಂದವರು ಮೂಲೆಗೆ ಎಷ್ಟು ಸ್ಕ್ರೂ ಎಂದು ಕೇಳಿದಾಗ, “ಉಬ್ಬುಬ್ಬಿಗೂ ಒಂದು, ನಮ್ಮ ಭಾಮೈದ ಹೇಳಿದ ಹಾಗೇ” ಎಂದಿರಿ. ನಾನು ಅಲ್ಲೇ ಬಾಗಿಲ ಹತ್ತಿರ ನಿಂತಿದ್ದೆ. ಆ ಒಂದು ಮಾತಿಗೆ ನನ್ನ ಕೋಪವೆಲ್ಲ ಇಳಿದುಹೋಯಿತು. ಭಾವ ಬಾಯಿಮಾತಿಗೆ ಬೈದರೂ ಕೆಲಸ ಸರಿಯಾಗಿ ಮಾಡಿದ್ದಾರೆ, ನಾನೇ ಬಾಗಿಲಿನಿಂದ ಹಾಳುಮಾಡಿದೆ ಎಂದುಕೊಂಡೆ. ಇಷ್ಟು ವರ್ಷ ಹಾಗೇ ಅಂದುಕೊಂಡಿದ್ದೇನೆ. ಈಗ ಬಂದು ಹತ್ತು ಪರ್ಸೆಂಟ್ ಎತ್ತಿಕೊಂಡು ದೊಡ್ಡವರಾಗಬೇಡಿ.

ಕಾವಲುಗಾರ ನಮ್ಮ ಊರಿನಲ್ಲೇ ಮಗನ ಮನೆಯಲ್ಲಿದ್ದಾನೆ, ನಿಮಗೆ ಗೊತ್ತಿರಲಿಕ್ಕಿಲ್ಲ. ಪ್ರತಿ ಭಾನುವಾರ ಹೋಗಿ ಕೂರುತ್ತೇನೆ. “ನೀನು ಬಂದು ಬಂದು ನನ್ನ ಕಾಲು ನೆಟ್ಟಗಾಗ್ತದಾ? ಎಲೆ ಹಾಕು” ಅನ್ನುತ್ತಾನೆ. ಇಸ್ಪೀಟು ಆಡುತ್ತೇವೆ.

ಮಗಳ ಶೆಡ್ಡಿಗೆ ನನ್ನನ್ನು ಕೇಳುವುದೇನಿದೆ. ಆ ಮೂಲೆಗೆ ಹಾಕಿಸಿದ ಹಾಗೆಯೇ ಹಾಕಿಸಿ.


ಮೇ ೧೧

ಗುಬ್ಬಿ,

ಒಂದು ತಿಂಗಳು ಬರೆಯಲಿಲ್ಲ. ಬರೆಯುವುದಕ್ಕೆ ಏನೂ ಉಳಿದಿರಲಿಲ್ಲ ಎನ್ನುವುದು ಒಂದು ಕಾರಣ. ನಾನು ಕೇಳಿದ್ದಕ್ಕೆ ಉತ್ತರ ಸಿಕ್ಕಿತ್ತು. ಉಬ್ಬುಬ್ಬಿಗೂ ಒಂದು. ತಗಡಿನವರಿಗೆ ಹೇಳಿ, ಮಗಳ ಛಾವಣಿ ಹೊದಿಸಿ, ನಿನಗೊಂದು ಥ್ಯಾಂಕ್ಸ್ ಬರೆದು ಮುಗಿಸಬಹುದಿತ್ತು. ಒಂದು ತಿಂಗಳು ಹಾಗೆಯೇ ಮಾಡೋಣ ಎಂದುಕೊಂಡಿದ್ದೆ. “ಆ ಮೂಲೆಗೆ ಹಾಕಿಸಿದ ಹಾಗೆಯೇ ಹಾಕಿಸಿ” ಎಂಬ ನಿನ್ನ ಸಾಲನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಓಡಾಡಿದೆ. ಊಟಕ್ಕೆ ಕೂತರೆ ಚುಚ್ಚುತ್ತಿತ್ತು.

ಆ ಮೂಲೆಗೆ ಮೂರು ಉಬ್ಬಿಗೊಂದು ಹಾಕಿಸಿದ್ದು.

ನೀನು ಇಳಿದು ಹೋದ ಮೇಲೆ ಕೆಲಸದವರು ನನ್ನ ಮುಖ ನೋಡಿದರು. “ಗುಬ್ಬಿಯಣ್ಣ ಹೇಳಿದ ಹಾಗೆ ಹಾಕೋಣ್ವಾ?” ಅಂದರು. ನನ್ನ ಹತ್ತಿರ ಸ್ಕ್ರೂ ಇತ್ತು, ಸಮಯವೂ ಇತ್ತು. ನೀನು ಹೇಳಿದ ಹಾಗೆ ಹಾಕಿಸಿದರೆ ನೀನು ಗೆದ್ದಂತೆ ಆಗುತ್ತಿತ್ತು. “ಮೂರಕ್ಕೊಂದು ಸಾಕು” ಅಂದೆ. ಅವರು ಹಾಗೇ ಹಾಕಿದರು. ಐದು ನಿಮಿಷದ ಕೆಲಸ.

ಮರುದಿನ ಮಧ್ಯಾಹ್ನ ಗಾಳಿ ಬಂತು. ಸುದ್ದಿ ತಿಳಿದು ಓಡಿಹೋದಾಗ ಊರಿನ ಮೇಲೆಲ್ಲ ಬಿಳಿ ಕಾಗದ ಹಾರಾಡುತ್ತಿತ್ತು, ತಂತಿಯ ಮೇಲೆ, ಬಾವಿಯೊಳಗೆ. ಮಕ್ಕಳು ಹಿಡಿಯಲು ಓಡುತ್ತಿದ್ದವು. ಕಾವಲುಗಾರನನ್ನು ಆಗಲೇ ಎತ್ತಿಕೊಂಡು ಹೋಗಿದ್ದರು. ಎಲ್ಲರೂ ತೆರೆದಿದ್ದ ಹಿಂಬಾಗಿಲಿನ ಮುಂದೆ ಗುಂಪು ಕೂಡಿ “ಇಲ್ಲಿಂದ ನುಗ್ಗಿದೆ ನೋಡಿ” ಎನ್ನುತ್ತಿದ್ದರು. ನಾನು ಹಿಂದಿನ ಹೊಲದ ಕಡೆ ಹೋದೆ. ಆ ಮೂಲೆಯ ತಗಡು ಬೇಲಿಗೆ ಒರಗಿಕೊಂಡು ನಿಂತಿತ್ತು, ಯಾರೋ ನಿಲ್ಲಿಸಿಟ್ಟ ಹಾಗೆ. ಒಂದು ತುದಿ ಮಡಚಿಕೊಂಡಿತ್ತು. ಅಂಚಿನಲ್ಲಿ ಮೂರೇ ತೂತು. ಅವು ಕೂಡ ಹರಿದು ಅಗಲವಾಗಿದ್ದವು.

ಅದನ್ನು ನಮ್ಮ ಗಾಡಿಗೆ ಹಾಕಿಕೊಂಡು ಮನೆಗೆ ತಂದೆ. ವಿಚಾರಣೆಯವರು ಬಂದದ್ದು ಮೂರು ದಿನದ ಮೇಲೆ. ಅವರಿಗೆ ಎಲ್ಲ ತಗಡೂ ಸಿಕ್ಕವು, ಅದೊಂದು ಬಿಟ್ಟು. ಉಬ್ಬುಬ್ಬಿಗೂ ಒಂದು ಎಂದೆ. “ನಮ್ಮ ಭಾಮೈದ ಹೇಳಿದ ಹಾಗೇ” ಎಂದು ಸೇರಿಸಿದ್ದು ಯಾಕೆ ಗೊತ್ತೇ? ನೀನು ಬಾಗಿಲಲ್ಲಿ ನಿಂತದ್ದು ಕಂಡಿತು. ನಿನ್ನ ಬಾಯಿ ಮುಚ್ಚಿಸಲು ಹೇಳಿದೆ. ಅದನ್ನು ನೀನು ಮರ್ಯಾದೆ ಎಂದುಕೊಂಡೆ.

ಆ ತಗಡು ಇವತ್ತಿಗೂ ನಮ್ಮ ಹಿತ್ತಿಲಲ್ಲಿದೆ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಸೂರು ಮಾಡಿ ಹೊದಿಸಿದ್ದೆ. ಬಿಸಾಡಿದರೆ ಯಾರಿಗಾದರೂ ಸಿಗುತ್ತದಲ್ಲ ಎಂಬ ಭಯ. ನಿನ್ನ ಅಕ್ಕ ಎಂಟು ವರ್ಷ ಅದರ ಕೆಳಗೆ ಬಟ್ಟೆ ಒಗೆದಳು. ಮಳೆ ಬಂದರೆ ತೂತಿನಿಂದ ಸೋರುತ್ತಿತ್ತು. ತೂತಿಗೊಂದರಂತೆ ಮೂರು ಪಾತ್ರೆ ಇಡುತ್ತಿದ್ದಳು. “ತೂತು ಯಾಕೆ ಇಷ್ಟು ದೂರ ದೂರ ರೀ? ಹತ್ರ ಹತ್ರ ಇದ್ದಿದ್ರೆ ಒಂದೇ ಬಕೆಟ್ಟು ಸಾಕಾಗ್ತಿತ್ತು” ಎಂದು ಒಮ್ಮೆ ನಕ್ಕಳು. ನಾನು ಇಂಗ್ಲಿಷಿನಲ್ಲಿ ಏನೋ ಹೇಳಿದೆ.

ಕೊನೆಯ ವಾರ ಆಸ್ಪತ್ರೆಯಲ್ಲಿ ಅವಳ ಮಂಚದ ಪಕ್ಕ ಕೂತು ಕಿತ್ತಳೆ ಸುಲಿಯುತ್ತಿದ್ದೆ. “ಅಗುಳಿ ಹಾಕಿದ್ದೆ ಅಂತ ನನ್ನ ಮುಖ ನೋಡ್ಕೊಂಡೇ ಸುಳ್ಳು ಹೇಳಿದ್ನಲ್ಲ ರೀ ಅವನು. ಒಂದ್ಸಲ ಒಪ್ಕೊಂಡಿದ್ರೆ ಸಾಕಾಗಿತ್ತು. ಒಪ್ಕೊಳ್ಳೋದು ಅಷ್ಟು ಕಷ್ಟಾನಾ?” ಅಂದಳು. ಕೋಣೆಯಲ್ಲಿ ಇನ್ಯಾರೂ ಇರಲಿಲ್ಲ. ನಾನು ಹಣ್ಣಿನ ನಾರು ಬಿಡಿಸುತ್ತಲೇ ಇದ್ದೆ. ಒಂದೊಂದು ತೊಳೆಯನ್ನೂ ಚೊಕ್ಕ ಮಾಡಿ ಕೈಗಿಟ್ಟೆ. ಅವಳು ತಿನ್ನಲಿಲ್ಲ.

ಅವಳನ್ನು ಮನೆಯಿಂದ ಹೊರಡಿಸಿದ ದಿನ ನೀನು ಬಂದಿದ್ದೆ. ರಸ್ತೆ ತಿರುವಿನ ವಿದ್ಯುತ್ ಕಂಬದ ಹತ್ತಿರ ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದೆ. ಗೇಟಿನಿಂದ ನಿನ್ನನ್ನು ನೋಡಿದೆ. ಕರೆದರೆ ಬರುತ್ತಿದ್ದೆ. ಕರೆಯಲಿಲ್ಲ. ನೀನು ಒಳಗೆ ಬಂದರೆ ಹಿತ್ತಿಲಿಗೆ ಕೈಕಾಲು ತೊಳೆಯಲು ಹೋಗುತ್ತೀಯ, ತಗಡು ನೋಡಿದರೆ ನಿನಗೆ ಗೊತ್ತಾಗುತ್ತದೆ ಎಂದು ಹೊಳೆದದ್ದು ನಿಜ. ಹೆಂಡತಿಯ ಹೆಣ ಮನೆಯಲ್ಲಿದ್ದಾಗ ನಾನು ಯೋಚಿಸಿದ್ದು ಅದು.

ಮೊನ್ನೆ ತಗಡಿನ ಮೇಸ್ತ್ರಿ ಕೈ ತೊಳೆಯಲು ಹಿತ್ತಿಲಿಗೆ ಹೋದವನು ತಲೆಯೆತ್ತಿ ನೋಡಿ, “ಇದು ಮೂಲೆ ತಗಡಲ್ವಾ? ಮೂರು ಉಬ್ಬಿಗೊಂದು ಹಾಕಿದಾನೆ ಪುಣ್ಯಾತ್ಮ! ಯಾರ ಕೆಲಸ ಯಜಮಾನ್ರೇ?” ಎಂದು ಗಹಗಹಿಸಿದ. ಮಗಳು ಪಕ್ಕದಲ್ಲೇ ಟವೆಲ್ ಹಿಡಿದು ನಿಂತಿದ್ದಳು. “ಹಳೇದು” ಅಂದೆ. ಅವಳು ನನ್ನನ್ನು ನೋಡಿದಳು, ತಗಡನ್ನು ನೋಡಿದಳು. ಆವತ್ತಿನಿಂದ ಅವಳು ಏನೂ ಕೇಳಿಲ್ಲ. ಕೆಲಸ ಮಾತ್ರ ನಿಲ್ಲಿಸಿದ್ದಾಳೆ. “ಮಾವನ ಇನ್ನೊಂದು ಪತ್ರ ಬರ್ಲಿ” ಅನ್ನುತ್ತಾಳೆ. ತಗಡಿಲ್ಲದ ಅಡ್ಡಪಟ್ಟಿಗಳು ಬಿಸಿಲಿಗೆ ಹಾಗೇ ಕೂತಿವೆ. ಜೂನ್ ಹತ್ತಿರ ಬಂತು.

ಹತ್ತು ಪರ್ಸೆಂಟ್ ಎಂದು ಬರೆದವನು ನಾನೇ. ಅದನ್ನು ಹೊಡೆದು ಹಾಕು. ಕ್ಷಮಿಸಿದ್ದೇನೆ ಎಂದದ್ದನ್ನೂ ಹೊಡೆದು ಹಾಕು. ಈ ಪತ್ರದಲ್ಲಿ ಇಂಗ್ಲಿಷ್ ವಾಕ್ಯ ಒಂದೂ ಬಂದಿಲ್ಲ ಎಂದು ಈಗ ಗಮನಿಸಿದೆ.

ಭಾವ


ಮೇ ೨೨

ಭಾವ,

ನಿಮ್ಮ ಪತ್ರ ಬಂದಾಗ ಒಬ್ಬಾಕೆ ಕಪಾಟಿನ ಬೀಗ ತಂದಿದ್ದರು. ನಿಂತಲ್ಲೇ ಓದಿದೆ. “ನಾಳೆ ಬನ್ನಿ” ಎಂದು ಅವರನ್ನು ಕಳಿಸಿ ಅಂಗಡಿ ಮುಚ್ಚಿದೆ. ಟೈಲರ್ “ಏನಾಯ್ತೋ?” ಎಂದ. ಕೀಲಿಯನ್ನು ಜೇಬಿಗೆ ಹಾಕಿಕೊಂಡು ಹೊರಟೆ.

ಮೊದಲು ಬಂದದ್ದು ಕೋಪ. ಅದನ್ನು ಇಲ್ಲಿ ಬರೆಯುವುದಿಲ್ಲ. ನಾನು ಬರೆದು ಹರಿದ ಹಾಳೆಗಳಲ್ಲಿ ಅದು ಇದೆ. ನನ್ನ ಮೂವತ್ತಾರನೇ ವರ್ಷದಿಂದ ನಲವತ್ತೇಳನೇ ವರ್ಷದವರೆಗೆ ನಾನು ಏಣಿ ಹತ್ತಲಿಲ್ಲ ಎಂಬುದಷ್ಟನ್ನು ನೀವು ನೆನಪಿಟ್ಟುಕೊಳ್ಳಿ. ನನಗೆ ಬರುತ್ತಿದ್ದ ಕೆಲಸ ಅದೊಂದೇ ಆಗಿತ್ತು.

ಆಮೇಲೆ ಕಾವಲುಗಾರನ ಹತ್ತಿರ ಹೋದೆ. ಭಾನುವಾರ ಅಲ್ಲದ ದಿನ ಬಂದೆನೆಂದು ಅವನಿಗೆ ಗಾಬರಿ. ಪತ್ರವನ್ನು ಪೂರ್ತಿ ಓದಿ ಹೇಳಿದೆ. ಕೋಲನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿದ. ಓದಿ ಮುಗಿದ ಮೇಲೆ, “ಹಂಗಾದ್ರೆ ಇಷ್ಟು ವರ್ಷ ನೀನು ಅರ್ಧ ಕಾಲಿಗೆ ಮಾತ್ರ ಬರ್ಬೇಕಾಗಿತ್ತು. ಇನ್ನರ್ಧಕ್ಕೆ ನಿನ್ನ ಭಾವನ್ನ ಕಳ್ಸು. ಎಲೆ ಆಡೋಕೆ ಬರ್ತದಾ ಅವರಿಗೆ?” ಎಂದ. ನಾನು ನಕ್ಕೆನೋ ಅತ್ತೆನೋ ನನಗೇ ತಿಳಿಯದು.

ಈಗ ನನ್ನದು. ಇದನ್ನು ಅವನಿಗೂ ಅವತ್ತೇ ಮೊದಲ ಸಲ ಹೇಳಿದೆ.

ನಾನು ಅಗುಳಿ ಹಾಕಿರಲಿಲ್ಲ. ನಿಮ್ಮ ಮೇಲಿನ ಸಿಟ್ಟಿನಲ್ಲಿ ಇಳಿದು ಬಂದವನು ಬಾಗಿಲನ್ನು ಕಾಲಿನಿಂದ ಒದ್ದು ತಳ್ಳಿದೆ. ಅದು ಅರ್ಧ ಸರಿದು ನಿಂತಿತು. ನಿಂತದ್ದನ್ನು ನೋಡಿದೆ. “ಓದಿದವರೇ ಬಂದು ಹಾಕ್ಕೊಳ್ಲಿ” ಎಂದುಕೊಂಡು ಹೊರಟುಹೋದೆ. ಮರೆತದ್ದಲ್ಲ. ಅಕ್ಕ ಕೇಳಿದಾಗ ಹಾಕಿದ್ದೆ ಎಂದೆ. ಅವಳು ನನ್ನ ಕಣ್ಣು ನೋಡಿ, “ಸುಳ್ಳು ಹೇಳಬೇಡ್ವೋ” ಎಂದಳು. ಅವಳು ಹೇಳಿದ್ದು ಸರಿಯಾಗಿತ್ತು. ಅದಕ್ಕೇ ಅವಳೆದುರು ಮತ್ತೆ ನಿಲ್ಲಲಾಗಲಿಲ್ಲ. ನಿಮ್ಮ ಮೇಲಿನ ಕೋಪದಿಂದ ನಾನು ದೂರವಾದೆ ಎಂದು ನೀವು ತಿಳಿದಿದ್ದರೆ ಅದು ತಪ್ಪು.

ನನ್ನ ವಿಷಯದಲ್ಲಿ ಅಕ್ಕ ಸರಿಯಾಗಿ ತಿಳಿದಿದ್ದಳು. ನಿಮ್ಮ ವಿಷಯದಲ್ಲಿ ತಪ್ಪಾಗಿ ತಿಳಿದಿದ್ದಳು. ಅರ್ಧವನ್ನು ಮಾತ್ರ ತಿಳಿದು ಹೋದಳು. ಮಿಕ್ಕ ಅರ್ಧವನ್ನು ಹೇಳಬಹುದಾಗಿದ್ದ ಇಬ್ಬರೂ ಬಾಯಿ ಮುಚ್ಚಿಕೊಂಡಿದ್ದೆವು. ಅವಳಿಗೆ ನಾನು ಬರೆಯಬಹುದಿತ್ತು. ವಿಳಾಸ ಗೊತ್ತಿತ್ತು. ಮಗಳು ಪ್ರತಿವರ್ಷ ಬಂದು ಹೋಗುತ್ತಿದ್ದಳು, ಅವಳ ಕೈಯಲ್ಲಾದರೂ ಕಳಿಸಬಹುದಿತ್ತು. ಕೀಲಿ ಕೊರೆಯುತ್ತ ಕೂತೆ. ಸಂಜೆ ಅಂಗಡಿ ಮುಚ್ಚಿದ ಮೇಲೆ ಬೀಗವನ್ನು ನಾಲ್ಕು ಸಲ ಎಳೆದು ನೋಡುತ್ತೇನೆ. ಟೈಲರ್ ನಗುತ್ತಾನೆ.

ನಿಮ್ಮ ಪತ್ರ ಓದಿದ ಮೇಲೆ ನನಗೆ ತಿಳಿದದ್ದು ಇಷ್ಟು: ಬಾಗಿಲು ತೆರೆದಿದ್ದು ಮೂಲೆ ಗಟ್ಟಿಯಾಗಿದ್ದರೆ ಛಾವಣಿ ನಿಲ್ಲುತ್ತಿತ್ತೋ ಏನೋ. ಮೂಲೆ ಸಡಿಲವಾಗಿದ್ದು ಬಾಗಿಲು ಮುಚ್ಚಿದ್ದರೆ ನಿಲ್ಲುತ್ತಿತ್ತೋ ಏನೋ. ಎರಡೂ ಒಂದೇ ದಿನ ಸೇರಿದವು. ಒಳಗೆ ನುಗ್ಗಿದ ಗಾಳಿಗೆ ಹೊರಹೋಗಲು ದಾರಿ ಇರಲಿಲ್ಲ, ಕಾಗದದ ಚೀಲಕ್ಕೆ ಊದಿದ ಹಾಗೆ ಛಾವಣಿಯನ್ನು ಕೆಳಗಿನಿಂದ ಎತ್ತಿತು. ಮೇಲಿನಿಂದ ಎಳೆದದ್ದು ನಿಮ್ಮದು ಭಾವ. ಒಳಗಿನಿಂದ ದೂಡಿದ್ದು ನನ್ನದು. ನಿಮ್ಮದನ್ನು ನೀವು ತೆಗೆದುಕೊಳ್ಳಿ. ನನ್ನದು ನನ್ನ ಹತ್ತಿರವೇ ಇರಲಿ, ಅದನ್ನು ಕ್ಷಮಿಸಲು ಬರಬೇಡಿ. ನಿಮ್ಮದನ್ನು ಕ್ಷಮಿಸುತ್ತೇನೆಂದು ನಾನೂ ಹೇಳುವುದಿಲ್ಲ.

ಜೂನ್ ಒಂದರಂದು ಬೆಳಗಿನ ಬಸ್ಸಿಗೆ ಬರುತ್ತೇನೆ. ಮಗಳಿಗೋಸ್ಕರ. ಮೇಸ್ತ್ರಿಗೆ ಇರಲು ಹೇಳಿ. ಅಂಚಿಗೂ ಮೂಲೆಗೂ ಉಬ್ಬುಬ್ಬಿಗೂ ಒಂದು ಸ್ಕ್ರೂ, ಅಗಲದ ವಾಷರ್ ಇಟ್ಟು. ಮೂಲೆಯಲ್ಲಿ ಅಡ್ಡಪಟ್ಟಿಯೇ ಸಡಿಲವಿದ್ದರೆ ಸ್ಕ್ರೂ ಹಾಕಿ ಪ್ರಯೋಜನವಿಲ್ಲ, ಅದನ್ನು ಗೋಡೆಗೆ ಕಬ್ಬಿಣದ ಪಟ್ಟಿಯಿಂದ ಬಿಗಿಸಬೇಕು. ನಡುಭಾಗಕ್ಕೆ ಎರಡು ಉಬ್ಬಿಗೊಂದು ಸಾಕು. ಮೂಲೆಗಳನ್ನು ನಾನೇ ಹತ್ತಿ ಹಾಕುತ್ತೇನೆ. ಕಾಲು ನಡುಗಿದರೆ ನೋಡಬೇಡಿ.

ಹಿತ್ತಿಲಿನ ತಗಡನ್ನು ಇಳಿಸಿಡಿ. ಮಡಚಿದ ತುದಿಯನ್ನು ನೇರ ಮಾಡಬೇಡಿ. ತೂತುಗಳನ್ನು ನಾನೇ ಎಣಿಸಬೇಕು.

ಊಟಕ್ಕೆ ಒತ್ತಾಯ ಮಾಡಬೇಡಿ.

ಗುಬ್ಬಿ


ಜೂನ್ ೧೬

ಗುಬ್ಬಿ,

ನಿನ್ನೆ ಮಧ್ಯಾಹ್ನ ಗಾಳಿ ಬಂತು.

ಮೊದಲು ಶಟರ್ ಎಳೆದೆ. ಕೊಂಡಿ ಹಾಕಿದೆ. ಹಾಕಿದ್ದೇನೆಯೇ ಎಂದು ಇನ್ನೊಂದು ಸಲ ನೋಡಿದೆ. ಒಳಗೆ ಹನ್ನೆರಡು ಮಿಷನ್ನೂ ನಿಂತವು, ಹೆಂಗಸರೆಲ್ಲ ಮೇಲೆ ನೋಡುತ್ತ ಕೂತರು. ಗಾಳಿ ಗೋಡೆಗೆ ಬಡಿಯುವುದು, ಹತ್ತುವುದು, ಅಂಚಿನಲ್ಲಿ ಜಿಗಿಯುವುದು ಎಲ್ಲ ಕೇಳಿಸಿತು. ನೀನು ಹಾಕಿದ ಮೂಲೆಯ ಕೆಳಗೆ ನಾನು ನಿಂತೆ. ತಗಡು ಒಮ್ಮೆ ಉಸಿರೆಳೆದುಕೊಂಡಿತು. ಅಲುಗಲಿಲ್ಲ. ಅರ್ಧ ಗಂಟೆಯ ಮೇಲೆ ಮಗಳು “ಹೊಲೀರಮ್ಮ” ಅಂದಳು. ಮಿಷನ್ನುಗಳು ಮತ್ತೆ ಶುರುವಾದವು.

ಇದನ್ನು ನಿನ್ನ ಅಕ್ಕನಿಗೆ ಹೇಳಬೇಕು ಎಂದು ಮನೆಯ ಕಡೆ ನಾಲ್ಕು ಹೆಜ್ಜೆ ಬಂದವನು ನಿಂತುಬಿಟ್ಟೆ.

ತಗಡು ಇಳಿಸಿದ ಮೇಲೆ ಒಗೆಯುವ ಕಲ್ಲಿನ ಮೇಲೆ ಈಗ ಆಕಾಶ ಕಾಣುತ್ತದೆ. ಮಳೆ ನೇರ ಕಲ್ಲಿಗೇ ಬೀಳುತ್ತದೆ. ಅವಳ ಮೂರು ಪಾತ್ರೆಗಳನ್ನು ಒಳಗೆ ತಂದಿಟ್ಟಿದ್ದೇನೆ. ಮಗಳಿಗೆ ಎಲ್ಲವನ್ನೂ ಹೇಳಿದೆ. ಅವಳು ಬೈಯಲಿಲ್ಲ. ಎರಡು ದಿನ ನನ್ನ ತಟ್ಟೆಯನ್ನು ಮೇಜಿನ ಮೇಲಿಟ್ಟು ತಾನು ಶೆಡ್ಡಿನಲ್ಲಿ ಊಟ ಮಾಡಿದಳು.

ಬರುವ ಭಾನುವಾರ ಕಾವಲುಗಾರನ ಮನೆಗೆ ಬರುತ್ತೇನೆ. ನೀನು ಬೆಳಿಗ್ಗೆ ಹೋಗುವುದಾದರೆ ನಾನು ಸಂಜೆ ಬರುತ್ತೇನೆ. ನನಗೆ ಇಸ್ಪೀಟು ಬರುವುದಿಲ್ಲ ಎಂದು ಅವನಿಗೆ ಹೇಳಿರು, ಕಲಿಯುತ್ತೇನೆ.

ಇನ್ನೊಂದು ಮಾತು. ಜೂನ್ ಒಂದರಂದು ನೀನು ಕೆಲಸ ಮುಗಿಸಿ, ತೂತುಗಳನ್ನು ಬೆರಳಿಟ್ಟು ಎಣಿಸಿ, ನಲ್ಲಿಯಲ್ಲಿ ಕೈ ತೊಳೆದು ಹೊರಟೆಯಲ್ಲ, ನಾನು ಗೇಟಿನವರೆಗೆ ಬಂದಿದ್ದೆ. ನೀನು ಆ ವಿದ್ಯುತ್ ಕಂಬ ದಾಟುವಾಗ ಕರೆದೆ. ಈ ಸಲ ಕರೆದೆ, ಗುಬ್ಬಿ. ಎರಡು ಸಲ. ನೀನು ತಿರುಗಲಿಲ್ಲ. ಗಾಳಿ ನಿನ್ನ ಕಡೆಯಿಂದ ನನ್ನ ಕಡೆಗೆ ಬೀಸುತ್ತಿತ್ತು, ಕೇಳಿಸಿರಲಿಕ್ಕಿಲ್ಲ.

ಕೇಳಿಸಿದ್ದರೂ ತಪ್ಪೇನಿಲ್ಲ.

ಭಾವ